ವಸಾಹತುಕಾಲದ ಅಮೆರಿಕನ್ ಮನೆತನದ ವಂಶಶೋಧ: ವಾಷಿಂಗ್ಟನ್ನರ ಉಯಿಲುಗಳು

ಹದಿನೇಳನೆಯ ಶತಮಾನದಲ್ಲಿ ಅಟ್ಲಾಂಟಿಕ್ ದಾಟಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ನೆಲೆಸಿದ ಇಂಗ್ಲಿಷ್ ಕುಟುಂಬಗಳು ಹೊರಟುಬಂದ ಊರನ್ನು ಒಂದೆರಡು ತಲೆಮಾರುಗಳಲ್ಲೇ ಮರೆತವು. ಆ ಮರೆತ ಊರನ್ನು, ಹೆತ್ತವರ ಹೆಸರನ್ನು ಉಯಿಲು, ಚರ್ಚಿನ ರಿಜಿಸ್ಟರು, ನ್ಯಾಯಾಲಯದ ಕಡತ, ಜಮೀನಿನ ಪಟ್ಟೆಗಳಲ್ಲಿ ಹುಡುಕುವುದೇ ವಸಾಹತುಕಾಲದ ವಂಶಶೋಧ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಇದೊಂದು ಶಿಸ್ತಾಗಿ ಬೆಳೆಯಿತು. 1845ರಲ್ಲಿ ಬಾಸ್ಟನ್ನಿನಲ್ಲಿ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ ಸ್ಥಾಪನೆಯಾಯಿತು; ಎರಡು ವರ್ಷಗಳ ಬಳಿಕ ಅದರ ತ್ರೈಮಾಸಿಕ ಪತ್ರಿಕೆ ಹೊರಬಂತು. ಈ ವಿದ್ಯೆಯ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸಬಲ್ಲ ಮನೆತನವೆಂದರೆ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ನದು. ಆತನ ಮುತ್ತಜ್ಜ ಇಂಗ್ಲೆಂಡಿನಲ್ಲಿ ಯಾರ ಮಗ ಎಂಬ ಪ್ರಶ್ನೆಗೆ ಉತ್ತರ ಸಿಗಲು ಸುಮಾರು ನೂರು ವರ್ಷ ಹಿಡಿಯಿತು. ಅದು ಸಿಕ್ಕಿದ್ದು ರಾಜಲಾಂಛನದ ಪಂಡಿತರ ಗ್ರಂಥಗಳಲ್ಲಿ ಅಲ್ಲ. ಒಬ್ಬ ಮಲತಂದೆಯ ಉಯಿಲು, ಒಬ್ಬ ವಿಧವೆಯ ಅಲ್ಪ ಆಸ್ತಿಯ ಆಡಳಿತಪತ್ರ, ಮಕ್ಕಳಿಗಲ್ಲದೆ ಅಕ್ಕತಂಗಿಯರಿಗೆ ಆಸ್ತಿ ಬರೆದ ಒಬ್ಬ ಹೆಂಗಸಿನ ಕಾಗದ, ಇವುಗಳಲ್ಲಿ.

1791ರ ಡಿಸೆಂಬರಿನಲ್ಲಿ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್‌ನ ಮುಖ್ಯಸ್ಥ ಸರ್ ಐಸಾಕ್ ಹರ್ಡ್ ಅಧ್ಯಕ್ಷರಿಗೆ ಪತ್ರ ಬರೆದು ಅವರ ವಂಶದ ವಿವರ ಕೇಳಿದ. ಮನೆತನಗಳ ಲಾಂಛನ, ವಂಶಾವಳಿಗಳನ್ನು ಅಧಿಕೃತವಾಗಿ ನೋಡಿಕೊಳ್ಳುವ ಸಂಸ್ಥೆ ಅದು. ವಾಷಿಂಗ್ಟನ್ ತನ್ನ ಬಂಧುವೊಬ್ಬರ ವಿಧವೆ ಹ್ಯಾನಾ ಫೇರ್‌ಫ್ಯಾಕ್ಸ್ ವಾಷಿಂಗ್ಟನ್‌ರಿಂದ ಮಾಹಿತಿ ತರಿಸಿಕೊಂಡು, 1792ರ ಮೇ 2ರಂದು ಉತ್ತರಿಸಿದ. ಈ ವಿಷಯಕ್ಕೆ ತಾನು ಅಷ್ಟಾಗಿ ಗಮನ ಕೊಟ್ಟವನಲ್ಲ. ಪೂರ್ವಜರು 1657ರ ಸುಮಾರಿಗೆ ಇಂಗ್ಲೆಂಡಿನ ಉತ್ತರ ಭಾಗದಿಂದ ಬಂದವರಂತೆ. ಲ್ಯಾಂಕಾಶೈರೋ ಯಾರ್ಕ್‌ಶೈರೋ ಅದಕ್ಕೂ ಮೇಲಿನ ಸೀಮೆಯೋ ಖಚಿತವಿಲ್ಲ. ಪತ್ರದ ಸಾರ ಇಷ್ಟೆ. ಹರ್ಡ್ ತನ್ನ ಬಳಿಯಿದ್ದ 1618ರ ನಾರ್ಥ್‌ಹ್ಯಾಂಪ್ಟನ್‌ಶೈರ್ ವಂಶಾವಳಿಯನ್ನು ತೆರೆದು ನೋಡಿದ. ಅಲ್ಲಿ ವಾಷಿಂಗ್ಟನ್ ಮನೆತನದಲ್ಲಿ ಜಾನ್, ಲಾರೆನ್ಸ್ ಎಂಬ ಅಣ್ಣತಮ್ಮಂದಿರಿದ್ದರು. ವರ್ಜೀನಿಯಕ್ಕೆ ಹೋದವರೂ ಜಾನ್ ಮತ್ತು ಲಾರೆನ್ಸ್. ಹೆಸರು ಹೊಂದಿತು, ಗಂಟು ಹಾಕಿದ. ಈ ಗಂಟು ಮುಂದೆ ನಾರ್ಥ್‌ಹ್ಯಾಂಪ್ಟನ್‌ಶೈರಿನ ಇತಿಹಾಸ ಗ್ರಂಥಕ್ಕೂ, ಅಲ್ಲಿಂದ ಜೇರೆಡ್ ಸ್ಪಾರ್ಕ್ಸ್, ವಾಷಿಂಗ್ಟನ್ ಅರ್ವಿಂಗ್ ಬರೆದ ಜೀವನಚರಿತ್ರೆಗಳಿಗೂ ಇಳಿಯಿತು. ಅಚ್ಚಾದ ತಪ್ಪಿಗೆ ಆಯುಸ್ಸು ಹೆಚ್ಚು.

ಉಯಿಲು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಉಯಿಲು ಬರೆಯುವವನ ಉದ್ದೇಶ ವಂಶವನ್ನು ದಾಖಲಿಸುವುದಲ್ಲ, ಆಸ್ತಿ ಹಂಚುವುದು. ಈ ಸಣ್ಣ ಸಂಗತಿಯನ್ನು ಮರೆತವರು ಎಡವುತ್ತಾರೆ. ವರ್ಜೀನಿಯದಲ್ಲಿ ಹಿರಿಯ ಮಗನಿಗೆ ಜಮೀನು ಹೋಗುವ ಇಂಗ್ಲಿಷ್ ಪದ್ಧತಿ 1785ರ ಶಾಸನದವರೆಗೂ ಜಾರಿಯಲ್ಲಿತ್ತು. ಆದ್ದರಿಂದ ತಂದೆಯ ಉಯಿಲಿನಲ್ಲಿ ಹಿರಿಯ ಮಗನ ಹೆಸರೇ ಇಲ್ಲದಿರಬಹುದು. ಕಾನೂನು ತಾನಾಗಿ ಕೊಡುವುದನ್ನು ಬರೆದು ಕೊಡುವ ಅಗತ್ಯವಿರಲಿಲ್ಲ. ಮದುವೆಯ ಹೊತ್ತಿನಲ್ಲೇ ಪಾಲು ಪಡೆದು ಹೋದ ಮಗಳಿಗೂ ಇದೇ ಮಾತು. ಉಯಿಲಿನಲ್ಲಿ ಇಲ್ಲದವರು ಸತ್ತಿದ್ದರು ಅಥವಾ ಮುನಿಸಿಕೊಂಡಿದ್ದರು ಎಂದು ತೀರ್ಮಾನಿಸುವುದು ಈ ಕ್ಷೇತ್ರದ ಅತಿ ಸಾಮಾನ್ಯ ದುಡುಕು. ನ್ಯೂ ಇಂಗ್ಲೆಂಡಿನ ಬಗೆ ಬೇರೆ: ಉಯಿಲಿಲ್ಲದೆ ಸತ್ತವನ ಆಸ್ತಿಯಲ್ಲಿ ಮಕ್ಕಳೆಲ್ಲರಿಗೂ ಪಾಲು, ಹಿರಿಯ ಮಗನಿಗೆ ಮಾತ್ರ ಇಮ್ಮಡಿ. ಹೀಗಾಗಿ ಅಲ್ಲಿ ಉಯಿಲಿಗಿಂತ ಪಾಲುಪಟ್ಟಿಯೇ ಎಷ್ಟೋ ಸಲ ಹೆಚ್ಚು ಮಾತಾಡುತ್ತದೆ.

ಗಂಡನಿರುವ ಹೆಂಗಸು ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಸಾಮಾನ್ಯವಾಗಿ ಸ್ವಂತ ಉಯಿಲು ಬರೆಯುವಂತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಬರೆಯುತ್ತಿದ್ದಳು. ಅದರಲ್ಲೂ ಮಕ್ಕಳಿಲ್ಲದ ವಿಧವೆಯ ಉಯಿಲು ವಂಶಶೋಧಕನಿಗೆ ನಿಧಿ. ಗಂಡಸು ತನ್ನ ಮಕ್ಕಳಿಗೆ ಹೊಲ ಬರೆದು ಮುಗಿಸುತ್ತಾನೆ. ಆಕೆಯಾದರೋ ಬೆಳ್ಳಿ ಚಮಚ, ಉಂಗುರ, ಹಾಸಿಗೆ, ಮೇಲುಡುಪುಗಳನ್ನು ತಂಗಿಗೆ, ತಂಗಿಯ ಮಗಳಿಗೆ, ಅಣ್ಣನ ಮೊಮ್ಮಗನಿಗೆ ಹಂಚುತ್ತಾ ಹೋಗುತ್ತಾಳೆ. ಒಂದು ಪುಟದಲ್ಲಿ ಮೂರು ತಲೆಮಾರಿನ ಬಳಗ ಸಿಕ್ಕಿಬಿಡುತ್ತದೆ.

ಸಂಬಂಧದ ಹೆಸರುಗಳಲ್ಲಿ ಇನ್ನೊಂದು ಬಲೆ ಇದೆ. ಹದಿನೇಳನೆಯ ಶತಮಾನದ ಇಂಗ್ಲಿಷಿನಲ್ಲಿ ‘ಕಸಿನ್’ ಎಂದರೆ ಅಣ್ಣನ ಮಗನೂ ತಂಗಿಯ ಮಗಳೂ ಆಗಬಹುದಿತ್ತು. ‘ಡಾಟರ್ ಇನ್ ಲಾ’ ಎಂದರೆ ಸೊಸೆಯೇ ಆಗಬೇಕಿಲ್ಲ, ಹೆಂಡತಿಯ ಮೊದಲ ಮದುವೆಯ ಮಗಳೂ ಇರಬಹುದು. ಇಂದಿನ ಅರ್ಥದಲ್ಲಿ ಓದಿದರೆ ಇಡೀ ಮನೆತನ ತಲೆಕೆಳಗಾಗುತ್ತದೆ. ವಾಷಿಂಗ್ಟನ್ನರ ಸಂದರ್ಭದಲ್ಲಿ ಈ ಎರಡನೆಯ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ತಾರೀಖಿನ ವಿಚಾರವನ್ನೂ ಇಲ್ಲೇ ಹೇಳಬೇಕು. 1752ಕ್ಕೆ ಮುಂಚೆ ಇಂಗ್ಲೆಂಡ್ ಮತ್ತು ಅದರ ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಜನವರಿ, ಫೆಬ್ರವರಿಯ ದಾಖಲೆಗಳಲ್ಲಿ 1731/32 ಎಂಬಂತೆ ಎರಡು ವರ್ಷ ಬರೆಯುವ ರೂಢಿ ಬಂದದ್ದು ಅದಕ್ಕೇ. ಕುಟುಂಬದ ಬೈಬಲಿನಲ್ಲಿ ಜಾರ್ಜ್ ಹುಟ್ಟಿದ್ದು 1731/32ರ ಫೆಬ್ರವರಿ 11ರ ಬೆಳಗ್ಗೆ ಎಂದಿದೆ. ಹೊಸ ಪಂಚಾಂಗದ ಲೆಕ್ಕದಲ್ಲಿ ಅದು 1732ರ ಫೆಬ್ರವರಿ 22. ಇದನ್ನು ಗಮನಿಸದ ಹವ್ಯಾಸಿಗಳು ತಂದೆ ಸತ್ತು ಒಂದು ವರ್ಷದ ಮೇಲೆ ಉಯಿಲು ಬರೆಸಿದ ಪವಾಡಗಳನ್ನು ಪಟ್ಟಿಮಾಡಿದ್ದುಂಟು.

ಉಯಿಲಿನ ಮೂಲಪ್ರತಿಯೇ ಸಿಗುವುದು ಅಪರೂಪ. ಸಿಗುವುದು ಹೆಚ್ಚಾಗಿ ಕೌಂಟಿಯ ಗುಮಾಸ್ತ ದಪ್ಪ ಪುಸ್ತಕಕ್ಕೆ ಇಳಿಸಿಕೊಂಡ ನಕಲು. ಅವನ ಕೈತಪ್ಪೂ ಅದರೊಂದಿಗೆ ಇಳಿದಿರುತ್ತದೆ. ಇಂಗ್ಲೆಂಡಿನಲ್ಲಿ 1858ರವರೆಗೆ ಉಯಿಲುಗಳನ್ನು ಊರ್ಜಿತಗೊಳಿಸುತ್ತಿದ್ದುದು ಚರ್ಚಿನ ನ್ಯಾಯಾಲಯಗಳು. ಅವುಗಳಲ್ಲಿ ಹಿರಿದಾದದ್ದು ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ಪ್ರಿರಾಗೆಟಿವ್ ನ್ಯಾಯಾಲಯ. ಇಂಗ್ಲೆಂಡಿನಲ್ಲಿ ಆಸ್ತಿಯಿದ್ದು ಹೊರದೇಶದಲ್ಲಿ ಸತ್ತವರ ಉಯಿಲುಗಳೂ ಅಲ್ಲಿಗೇ ಬರುತ್ತಿದ್ದವು. ವರ್ಜೀನಿಯದ ಹೊಗೆಸೊಪ್ಪಿನ ಬೆಳೆಗಾರನೂ ಮದರಾಸಿನಲ್ಲಿ ಜ್ವರ ಬಂದು ಸತ್ತ ಈಸ್ಟ್ ಇಂಡಿಯಾ ಕಂಪನಿಯ ನೌಕರನೂ ಒಂದೇ ಸಾಲಿನ ಸಂಪುಟಗಳಲ್ಲಿ ಸಿಗುತ್ತಾರೆ. ಈ ಸಂಪುಟಗಳು ಈಗ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಫ್ತರದಲ್ಲಿವೆ.

ವರ್ಜೀನಿಯದ ಕಡೆಯ ಎಳೆಗಳು

ವಂಶಶೋಧದ ಮೊದಲ ನಿಯಮ, ಸಾಗರದ ಈಚೆ ಸಿಗುವುದನ್ನೆಲ್ಲ ಬಳಿದುಕೊಂಡ ಮೇಲೆ ಆಚೆ ನೋಡಬೇಕು ಎಂಬುದು. ಹರ್ಡ್ ಮಾಡದೆ ಹೋದ ಕೆಲಸ ಇದೇ. ವರ್ಜೀನಿಯದ ವೆಸ್ಟ್‌ಮೋರ್‌ಲ್ಯಾಂಡ್ ಕೌಂಟಿಯ ದಾಖಲೆಗಳು 1653ರಿಂದ ಉಳಿದುಬಂದಿರುವುದು ಒಂದು ಭಾಗ್ಯ. ಅವುಗಳಲ್ಲಿ ಜಾರ್ಜ್‌ನ ಮುತ್ತಜ್ಜ ಜಾನ್ ವಾಷಿಂಗ್ಟನ್ ಮೊದಲು ಕಾಣಿಸಿಕೊಳ್ಳುವುದು ಸಂಬಳದ ತಕರಾರಿನಲ್ಲಿ. ‘ಸೀ ಹಾರ್ಸ್’ ಎಂಬ ಲಂಡನ್ನಿನ ಹಡಗಿನ ಒಡೆಯ ಎಡ್ವರ್ಡ್ ಪ್ರೆಸ್ಕಾಟ್‌ನ ಜತೆಗಾರನಾಗಿ ಜಾನ್ ಬಾಲ್ಟಿಕ್ ಸಮುದ್ರದ ರೇವುಗಳಲ್ಲಿ ವ್ಯಾಪಾರ ನಡೆಸಿ ವರ್ಜೀನಿಯಕ್ಕೆ ಬಂದಿದ್ದ. 1657ರ ಚಳಿಗಾಲದ ಕೊನೆಗೆ, ಹೊಗೆಸೊಪ್ಪು ತುಂಬಿಕೊಂಡ ಹಡಗು ಪೊಟೊಮ್ಯಾಕ್ ನದಿಯಲ್ಲಿ ಬಿರುಗಾಳಿಗೆ ಸಿಕ್ಕಿ ನೆಲಕಚ್ಚಿತು. ಜಾನ್ ಅಲ್ಲೇ ಉಳಿಯಲು ಮನಸ್ಸು ಮಾಡಿದ. ತನಗೆ ಬರಬೇಕಾದದ್ದನ್ನು ಪ್ರೆಸ್ಕಾಟ್ ಕೊಡಲೊಪ್ಪಲಿಲ್ಲ. ಆ ವ್ಯಾಜ್ಯದ ಸಾಕ್ಷಿ ಹೇಳಿಕೆಗಳಿಂದಲೇ ಆತ ಬಂದ ಕಾಲ, ಬಂದ ಬಗೆ, ಬಾಲ್ಟಿಕ್ ಪ್ರಯಾಣ ಎಲ್ಲ ತಿಳಿಯುವುದು. ಜಗಳವಾಡದ ಮನುಷ್ಯ ದಾಖಲೆಯಲ್ಲಿ ಉಳಿಯುವುದು ಕಷ್ಟ.

ಇದೇ ಪ್ರೆಸ್ಕಾಟನೊಂದಿಗೆ ಎರಡನೆಯ ಜಗಳ ಇನ್ನೂ ಸ್ವಾರಸ್ಯದ್ದು. ಹಡಗಿನಲ್ಲಿ ಎಲಿಜಬೆತ್ ರಿಚರ್ಡ್‌ಸನ್ ಎಂಬ ಹೆಂಗಸನ್ನು ಮಾಟಗಾತಿಯೆಂದು ಗಲ್ಲಿಗೇರಿಸಿದರೆಂದು 1659ರಲ್ಲಿ ಜಾನ್ ಮೇರಿಲ್ಯಾಂಡಿನ ಅಧಿಕಾರಿಗಳಿಗೆ ದೂರು ಕೊಟ್ಟ. ವಿಚಾರಣೆ ಅಕ್ಟೋಬರ್ ಮೊದಲಲ್ಲಿ ನಿಗದಿಯಾಯಿತು. ಜಾನ್ ಸೆಪ್ಟೆಂಬರ್ 30ರಂದು ಬರೆದು ತಿಳಿಸಿದ: ಮಗನ ದೀಕ್ಷಾಸ್ನಾನ ಗೊತ್ತಾಗಿದೆ, ನೆಂಟರಿಷ್ಟರನ್ನು ಕರೆದಾಗಿದೆ, ಬರಲಾಗದು. ಸಾಕ್ಷಿ ಬಾರದೆ ಪ್ರೆಸ್ಕಾಟ್ ಬಿಡುಗಡೆಯಾದ. ಗಲ್ಲಿಗೇರಿದ ಹೆಂಗಸಿಗೆ ನ್ಯಾಯ ಸಿಗಲಿಲ್ಲ. ವಂಶಶೋಧಕರಿಗೆ ಮಾತ್ರ ಜಾರ್ಜ್ ವಾಷಿಂಗ್ಟನ್‌ನ ಅಜ್ಜ ಲಾರೆನ್ಸ್ ಹುಟ್ಟಿದ ಕಾಲ ಸಿಕ್ಕಿತು. ಆ ಮಗುವಿನ ದೀಕ್ಷಾಸ್ನಾನಕ್ಕೆ ಉಳಿದಿರುವ ಆಧಾರ ಈ ಕೊಲೆ ಮೊಕದ್ದಮೆಯ ಕಾಗದ.

ಜಾನ್‌ನ ಮಾವ ನಥಾನಿಯಲ್ ಪೋಪ್ ಅಳಿಯನಿಗೆ 700 ಎಕರೆ ಕೊಟ್ಟ. ಕೈಗಡವಾಗಿ ಕೊಟ್ಟಿದ್ದ 80 ಪೌಂಡನ್ನು ತನ್ನ ಉಯಿಲಿನಲ್ಲಿ ಮನ್ನಾ ಮಾಡಿದ. 1674ರಲ್ಲಿ ಜಾನ್ ಮತ್ತು ನಿಕೊಲಸ್ ಸ್ಪೆನ್ಸರ್ ಸೇರಿ ಲಿಟ್ಲ್ ಹಂಟಿಂಗ್ ಕ್ರೀಕ್ ಎಂಬಲ್ಲಿ 5000 ಎಕರೆ ಪಟ್ಟೆ ಮಾಡಿಸಿಕೊಂಡರು. ಮುಂದೆ ಜಾರ್ಜ್‌ನ ಮೌಂಟ್ ವರ್ನನ್ ಎಸ್ಟೇಟ್ ಆದದ್ದು ಇದರ ಒಂದು ಭಾಗ. ವರ್ಜೀನಿಯದ ಪಟ್ಟೆಗಳ ಬಗ್ಗೆ ಒಂದು ಎಚ್ಚರಿಕೆ ಬೇಕು. ಹಡಗಿನ ಖರ್ಚು ಕೊಟ್ಟು ಒಬ್ಬನನ್ನು ಕರೆತಂದರೆ 50 ಎಕರೆ ಎಂಬ ‘ಹೆಡ್‌ರೈಟ್’ ಪದ್ಧತಿಯಲ್ಲಿ ಕರೆತಂದವರ ಹೆಸರುಗಳನ್ನು ಪಟ್ಟೆಯಲ್ಲೇ ಬರೆಯುತ್ತಿದ್ದರು. ಈ ಹಕ್ಕುಗಳು ಕೈಯಿಂದ ಕೈಗೆ ಮಾರಾಟವಾಗುತ್ತಿದ್ದವು. ಒಬ್ಬನ ಹೆಸರು ಎರಡು ಕಡೆ ಬಳಕೆಯಾಗುತ್ತಿತ್ತು. ಪಟ್ಟೆಯ ತಾರೀಖನ್ನೇ ಪೂರ್ವಜ ಬಂದಿಳಿದ ದಿನವೆಂದು ಕೆತ್ತಿಸಿದ ಕುಟುಂಬ ಸ್ಮಾರಕಗಳನ್ನು ನಂಬಬೇಕಿಲ್ಲ.

ಜಾನ್ ತನ್ನ ಉಯಿಲು ಬರೆಸಿದ್ದು 1675ರ ಸೆಪ್ಟೆಂಬರಿನಲ್ಲಿ. ಸಸ್ಕ್ವೆಹಾನಕ್ ಜನರ ಕೋಟೆಯ ಮೇಲೆ ಆತ ಪಡೆ ತೆಗೆದುಕೊಂಡು ಹೋದದ್ದೂ ಅದೇ ತಿಂಗಳು. ದಂಡಿಗೆ ಹೊರಡುವವನು ಉಯಿಲು ಬರೆಸುವುದರಲ್ಲಿ ಆಶ್ಚರ್ಯವಿಲ್ಲ. ಚರ್ಚಿಗೆ ದಶಾಜ್ಞೆಗಳ ಫಲಕ ಮತ್ತು ರಾಜಲಾಂಛನ, ಮಕ್ಕಳಿಗೆ ತೋಟಗಳು, ಇವೆಲ್ಲ ನಿರೀಕ್ಷಿತವೇ. ಮುಖ್ಯವಾದದ್ದು ಒಂದು ವಾಕ್ಯ: ತಂಗಿ ಮಾರ್ಥಾಳಿಗೆ ತನ್ನ ಇಂಗ್ಲೆಂಡಿನ ಹಣದಲ್ಲಿ 10 ಪೌಂಡು, 4000 ಪೌಂಡು ತೂಕದ ಹೊಗೆಸೊಪ್ಪು, ಆಕೆಯ ಹಡಗಿನ ಖರ್ಚು ಮತ್ತು ಬಂದ ಮೇಲಿನ ಒಂದು ವರ್ಷದ ಊಟವಸತಿಯ ಬಾಕಿ ಮನ್ನಾ. ತಮ್ಮ ಲಾರೆನ್ಸ್ ಅದೇ ತಿಂಗಳು ಬರೆಸಿದ ಉಯಿಲಿನಲ್ಲಿ ಇಂಗ್ಲೆಂಡಿನ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗಳು ಮೇರಿಗೆ ಎಂದಿದೆ. ಅಂದರೆ ಈ ತಮ್ಮನಿಗೆ ಇಂಗ್ಲೆಂಡಿನಲ್ಲಿ ಜಮೀನಿತ್ತು. ಅದು ಎಲ್ಲಿಂದ ಬಂತು? ಮಾರ್ಥಾ ಮುಂದೆ ಸ್ಯಾಮ್ಯುಯೆಲ್ ಹೇವರ್ಡ್ ಎಂಬವನನ್ನು ಮದುವೆಯಾದಳು. ವಿಧವೆಯಾಗಿ 1697ರಲ್ಲಿ ಬರೆಸಿದ ಉಯಿಲಿನಲ್ಲಿ ಆಕೆ ಇಂಗ್ಲೆಂಡಿನಲ್ಲಿದ್ದ ಇಬ್ಬರು ಅಕ್ಕತಂಗಿಯರನ್ನು ಹೆಸರಿಸುತ್ತಾಳೆ: ಎಲಿಜಬೆತ್ ಮತ್ತು ಮಾರ್ಗರೆಟ್. ಜಾನ್, ಲಾರೆನ್ಸ್, ಮಾರ್ಥಾ, ಎಲಿಜಬೆತ್, ಮಾರ್ಗರೆಟ್. ಜಾನ್, ಲಾರೆನ್ಸ್ ಎಂಬ ಜೋಡಿ ಇಂಗ್ಲೆಂಡಿನ ಯಾವ ವಾಷಿಂಗ್ಟನ್ ಮನೆಯಲ್ಲಾದರೂ ಸಿಕ್ಕೀತು. ಐದು ಹೆಸರುಗಳು ಒಟ್ಟಿಗೆ, ಒಂದೇ ತಾಯಿಯ ಮಕ್ಕಳಾಗಿ ಸಿಗುವುದು ಸುಲಭವಲ್ಲ.

ಚೆಸ್ಟರ್ ಕೆಡವಿದ್ದು, ವಾಟರ್ಸ್ ಕಟ್ಟಿದ್ದು

ಹರ್ಡ್ ಹಾಕಿದ ಗಂಟನ್ನು ಬಿಚ್ಚಿದವನು ಜೋಸೆಫ್ ಲೆಮ್ಯುಯೆಲ್ ಚೆಸ್ಟರ್. ಕನೆಕ್ಟಿಕಟ್‌ನಲ್ಲಿ 1821ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ನೆಲೆಸಿ, ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ರಿಜಿಸ್ಟರುಗಳನ್ನು ಟಿಪ್ಪಣಿ ಸಹಿತ 1876ರಲ್ಲಿ ಪ್ರಕಟಿಸಿದ ಮಹಾಶ್ರಮಿ. 1866ರಲ್ಲಿ ಆತ ತೋರಿಸಿದ್ದು ಸರಳ ಸಂಗತಿ: ಹರ್ಡ್ ಹೇಳಿದ ಜಾನ್ ‘ಸರ್’ ಬಿರುದು ಪಡೆದು ಥ್ರ್ಯಾಪ್‌ಸ್ಟನ್‌ನಲ್ಲಿ ಬಾಳಿದವನು, ವರ್ಜೀನಿಯಕ್ಕೆ ಹೋದವನೇ ಅಲ್ಲ. ಆ ಲಾರೆನ್ಸ್ ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜಿನ ಫೆಲೋ, ಆಮೇಲೆ ಎಸೆಕ್ಸ್‌ನ ಪರ್ಲಿಯ ಪಾದ್ರಿ. ವರ್ಜೀನಿಯದ ದಾಖಲೆಗಳಲ್ಲಿ ಜಾನ್‌ಗೆ ‘ಸರ್’ ಇಲ್ಲ, ಲಾರೆನ್ಸ್‌ಗೆ ಪಾದ್ರಿಯ ಪದವಿಯಿಲ್ಲ. ಹೆಸರಿನ ಹೊಂದಾಣಿಕೆ ಸಾಕ್ಷ್ಯವಲ್ಲ ಎಂಬ ಪಾಠವನ್ನು ಅಮೆರಿಕದ ವಂಶಶೋಧಕರು ಕಲಿತದ್ದು ಈ ಬರಹದಿಂದ ಎನ್ನಬಹುದು. ಆದರೆ ಸರಿಯಾದ ತಂದೆ ಯಾರೆಂದು ಹೇಳಲು ಚೆಸ್ಟರನಿಗೂ ಆಗಲಿಲ್ಲ, 1882ರಲ್ಲಿ ತೀರಿಕೊಂಡ.

ಮರುವರ್ಷ ಬಾಸ್ಟನ್ನಿನ ಸೊಸೈಟಿ ಸೇಲಂ ಊರಿನ ಹೆನ್ರಿ ಫಿಟ್ಜ್‌ಗಿಲ್ಬರ್ಟ್ ವಾಟರ್ಸ್‌ನನ್ನು ಲಂಡನ್ನಿಗೆ ಕಳಿಸಿತು. ವಾಟರ್ಸ್‌ನ ವಿಧಾನ ಅಂದಿಗೆ ಹೊಸದು. ಒಂದು ಮನೆತನದ ಹೆಸರು ಹಿಡಿದು ಸೂಚಿಯಲ್ಲಿ ಹುಡುಕುವ ಬದಲು, ಸಾಮರ್ಸೆಟ್ ಹೌಸ್‌ನಲ್ಲಿದ್ದ ಉಯಿಲಿನ ಸಂಪುಟಗಳನ್ನು ಹಾಳೆ ಹಾಳೆಯಾಗಿ ಓದುವುದು, ಅಮೆರಿಕದ ಸುಳಿವು ಸಿಕ್ಕಿದ್ದನ್ನೆಲ್ಲ ಟಿಪ್ಪಣಿ ಮಾಡುವುದು. ಕುಯ್ಲಾದ ಗದ್ದೆಯಲ್ಲಿ ತೆನೆ ಆಯ್ದ ಹಾಗೆ. ಈ ಟಿಪ್ಪಣಿಗಳು ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದು 1901ರಲ್ಲಿ ಪುಸ್ತಕವಾದವು. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಜಾನ್ ಹಾರ್ವರ್ಡ್ ಲಂಡನ್ನಿನ ಸದರ್ಕ್‌ನವನು ಎಂಬುದನ್ನು ಆತ ಸ್ಥಾಪಿಸಿದ್ದೂ ಹೀಗೇ, ಆ ಕುಟುಂಬದವರ ಒಂದರ ಹಿಂದೊಂದು ಉಯಿಲುಗಳಿಂದ.

ವಾಷಿಂಗ್ಟನ್ನರ ವಿಚಾರದಲ್ಲಿ ಆತನ ಕೈಗೆ ಬಂದದ್ದು ಹರ್ಟ್‌ಫರ್ಡ್‌ಶೈರಿನ ಟ್ರಿಂಗ್ ಎಂಬ ಊರಿನ ಕಾಗದಗಳು. 1655/56ರ ಫೆಬ್ರವರಿಯಲ್ಲಿ ಟ್ರಿಂಗ್‌ನ ಆಂಫಿಲಿಸ್ ವಾಷಿಂಗ್ಟನ್ ಎಂಬ ಮೃತಳ ಆಸ್ತಿಯ ಆಡಳಿತವನ್ನು ಮಗ ಜಾನ್‌ಗೆ ಕೊಟ್ಟ ದಾಖಲೆ ಒಂದು. ಉಯಿಲಿಲ್ಲದೆ ಸತ್ತವರ ಸಾಮಾನು ಸರಂಜಾಮಿಗೆ ವಾರಸುದಾರನನ್ನು ನೇಮಿಸುವ ಎರಡು ಸಾಲಿನ ಮಾಮೂಲಿ ಆದೇಶ ಅದು. ಜಾನ್ ವರ್ಜೀನಿಯದಲ್ಲಿ ಕಾಣಿಸಿಕೊಳ್ಳುವುದು ಮರುವರ್ಷ. ತಾಯಿ ತೀರಿಕೊಂಡು, ಅಲ್ಪಸ್ವಲ್ಪ ಲೆಕ್ಕ ಚುಕ್ತಾ ಆಗಿ, ಹಿರಿಯ ಮಗ ಹಡಗಿನ ವ್ಯಾಪಾರಕ್ಕೆ ಕೈ ಹಾಕಿದ ಎಂಬುದಕ್ಕೆ ಕಾಲ ಒಪ್ಪುತ್ತದೆ.

ಇನ್ನೊಂದು, ಅದಕ್ಕಿಂತ ದೊಡ್ಡದು: ಟ್ರಿಂಗ್‌ನ ಆಂಡ್ರ್ಯೂ ನೋಲಿಂಗ್ 1649/50ರ ಜನವರಿಯಲ್ಲಿ ಬರೆಸಿದ ಉಯಿಲು. ವಾಷಿಂಗ್ಟನ್ ಎಂಬ ಹೆಸರು ಹಿಡಿದು ಹುಡುಕುವವನು ಇದನ್ನು ಎಂದೂ ತೆರೆಯುತ್ತಿರಲಿಲ್ಲ. ನೋಲಿಂಗ್ ತನ್ನ ಜಮೀನನ್ನು ಧರ್ಮಪುತ್ರ ಕಿರಿಯ ಲಾರೆನ್ಸ್ ವಾಷಿಂಗ್ಟನ್‌ಗೆ ಬರೆದಿದ್ದಾನೆ. ‘ಡಾಟರ್ ಇನ್ ಲಾ’ ಆಂಫಿಲಿಸ್‌ಗೂ ಆಕೆಯ ಮಕ್ಕಳಾದ ಜಾನ್, ವಿಲಿಯಂ, ಎಲಿಜಬೆತ್, ಮಾರ್ಗರೆಟ್, ಮಾರ್ಥಾಗೂ ಹಣ ಕೊಟ್ಟಿದ್ದಾನೆ. ಆಂಫಿಲಿಸ್ ಆತನ ಸೊಸೆಯಲ್ಲ, ಹೆಂಡತಿಯ ಮೊದಲ ಗಂಡನ ಮಗಳು. ತವರಿನ ಹೆಸರು ಟ್ವಿಗ್ಡನ್. ವರ್ಜೀನಿಯದ ಐದು ಹೆಸರೂ ಇಲ್ಲಿವೆ. ತಮ್ಮ ಲಾರೆನ್ಸ್‌ಗೆ ಇಂಗ್ಲೆಂಡಿನಲ್ಲಿ ಜಮೀನು ಹೇಗೆ ಬಂದಿರಬಹುದು ಎಂಬುದಕ್ಕೂ ದಾರಿ ಕಾಣುತ್ತದೆ. ಟ್ರಿಂಗ್ ಚರ್ಚಿನ ರಿಜಿಸ್ಟರಿನಲ್ಲಿ ಈ ಮನೆಯ ಮಕ್ಕಳ ದೀಕ್ಷಾಸ್ನಾನಗಳಿವೆ: 1635ರಲ್ಲಿ ಲಾರೆನ್ಸ್, 1636ರಲ್ಲಿ ಎಲಿಜಬೆತ್, 1641ರಲ್ಲಿ ವಿಲಿಯಂ. ಮನೆತನದ ಹೆಸರನ್ನು ಬರೆದವನು ಕಿವಿಗೆ ಬಿದ್ದಂತೆ ‘ವಾಶೆಂಟನ್’ ಎಂದೂ ಗೀಚಿದ್ದಾನೆ.

ಇಲ್ಲಿಯ ತಂದೆ ಲಾರೆನ್ಸ್ ಯಾರು? ಬೇರೆ ಕಾಗದಗಳನ್ನು ಜೋಡಿಸಿ ನೋಡಿದಾಗ ಆತ ಪರ್ಲಿಯ ಪಾದ್ರಿಯೇ ಎಂದು ತಿಳಿಯಿತು. ಅಂದರೆ ಹರ್ಡ್ ಮತ್ತು ಚೆಸ್ಟರ್ ಇಬ್ಬರಿಗೂ ಎಟಕುವಷ್ಟು ಹತ್ತಿರದಲ್ಲೇ ಉತ್ತರವಿತ್ತು. ವರ್ಜೀನಿಯಕ್ಕೆ ಹೋದದ್ದು ಹರ್ಡ್ ಹೇಳಿದ ಲಾರೆನ್ಸ್ ಅಲ್ಲ, ಆತನ ಮಕ್ಕಳು. ಮನೆತನ ಸರಿ, ತಲೆಮಾರು ತಪ್ಪು. ರಾಜನ ಪಕ್ಷದವನೆಂಬ ಕಾರಣಕ್ಕೆ ಪಾರ್ಲಿಮೆಂಟಿನವರು 1643ರಲ್ಲಿ ಈ ಪಾದ್ರಿಯನ್ನು ಪರ್ಲಿಯಿಂದ ಹೊರಹಾಕಿದರು. ಹೆಂಡದಂಗಡಿಗೆ ಹೋಗುವವನೆಂಬ ಆರೋಪವನ್ನೂ ಹೊರಿಸಿ ಅಚ್ಚುಹಾಕಿಸಿದರು. ಕ್ರಾಂತಿಯ ಕಾಲದ ಇಂಥ ಆರೋಪಪಟ್ಟಿಯನ್ನು ಎಷ್ಟು ನಂಬಬೇಕೆಂಬುದು ಓದುಗರಿಗೆ ಬಿಟ್ಟದ್ದು. ಬಡವನಾಗಿ 1652/53ರ ಜನವರಿಯಲ್ಲಿ ಸತ್ತು ಮಾಲ್ಡನ್‌ನಲ್ಲಿ ಮಣ್ಣಾದ. ಹೆಂಡತಿ ಮಕ್ಕಳು ಇದ್ದದ್ದು ಆಕೆಯ ಮಲತಂದೆಯ ಊರಾದ ಟ್ರಿಂಗ್‌ನಲ್ಲಿ. ಹೊರದೂಡಲ್ಪಟ್ಟ ಪಾದ್ರಿಯ ಮಗನಿಗೆ ಇಂಗ್ಲೆಂಡಿನಲ್ಲಿ ಭವಿಷ್ಯ ಮಂಕಾಗಿತ್ತು. ಆತ ಸಮುದ್ರಕ್ಕೆ ಇಳಿದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ವಾಟರ್ಸ್ ಇದನ್ನು 1889ರಲ್ಲಿ ಪ್ರಕಟಿಸಿದ. ಎರಡು ವರ್ಷದ ಮೇಲೆ ಜೋಸೆಫ್ ಟೋನರ್ ಅಮೆರಿಕದ ಕಡೆಯ ವಾಷಿಂಗ್ಟನ್ನರ ಉಯಿಲುಗಳನ್ನು ಅಚ್ಚುಹಾಕಿಸಿದ. ಎರಡು ದಡದ ಪಟ್ಟಿಗಳನ್ನು ಯಾರು ಬೇಕಾದರೂ ಪಕ್ಕಪಕ್ಕ ಇಟ್ಟು ನೋಡಬಹುದಾಯಿತು.

ಉತ್ತರದ ನೆನಪು

ಹಾಗಾದರೆ ಪೂರ್ವಜರು ಉತ್ತರ ಇಂಗ್ಲೆಂಡಿನವರೆಂದು ಜಾರ್ಜ್ ವಾಷಿಂಗ್ಟನ್‌ಗೆ ಅನಿಸಿದ್ದೇಕೆ? ಇದಕ್ಕೂ ಉಯಿಲಿನಲ್ಲೇ ಸುಳಿವಿದೆ. ಆತನ ಅಜ್ಜ ಲಾರೆನ್ಸ್ 1698ರಲ್ಲಿ ತೀರಿಕೊಂಡ ಮೇಲೆ ವಿಧವೆ ಮಿಲ್ಡ್ರೆಡ್, ಜಾರ್ಜ್ ಗೇಲ್ ಎಂಬ ವರ್ತಕನನ್ನು ಮದುವೆಯಾಗಿ ಮಕ್ಕಳೊಂದಿಗೆ ವಾಯವ್ಯ ಇಂಗ್ಲೆಂಡಿನ ವೈಟ್‌ಹೇವನ್ ರೇವಿಗೆ ಹೋದಳು. 1700/01ರ ಜನವರಿಯಲ್ಲಿ ಅಲ್ಲೇ ಸತ್ತಳು. ಮಕ್ಕಳು ಆ್ಯಪಲ್‌ಬಿಯ ಶಾಲೆಗೆ ಸೇರಿದರು. ಅವರನ್ನು ಗೇಲ್‌ನ ಕೈಗೆ ಒಪ್ಪಿಸಿದ ತಾಯಿಯ ಉಯಿಲನ್ನು ವರ್ಜೀನಿಯದ ಬಂಧುಗಳು ಪ್ರಶ್ನಿಸಿದರು. 1704ರಲ್ಲಿ ಮಕ್ಕಳು ವಾಪಸು ಬಂದರು. ಅವರಲ್ಲಿ ಒಬ್ಬ ಜಾರ್ಜ್ ವಾಷಿಂಗ್ಟನ್‌ನ ತಂದೆ ಆಗಸ್ಟೀನ್. ಮುಂದೆ ಆತ ತನ್ನ ಹಿರಿಯ ಗಂಡುಮಕ್ಕಳಿಬ್ಬರನ್ನೂ ಅದೇ ಆ್ಯಪಲ್‌ಬಿಗೆ ಓದಲು ಕಳಿಸಿದ. ಮನೆಯಲ್ಲಿ ಉತ್ತರದ ಮಾತು ಸುಳಿದಾಡುತ್ತಿದ್ದುದು ಈ ಕಾರಣದಿಂದ ಇರಬೇಕು ಎಂಬುದು ಈ ಲೇಖಕನ ಊಹೆ.

ಆದರೂ ಆ ನೆನಪು ಪೂರ್ತಿ ಸುಳ್ಳಾಗಲಿಲ್ಲ. ಪರ್ಲಿಯ ಪಾದ್ರಿಯಿಂದ ಹಿಂದಕ್ಕೆ ಹೋದರೆ ನಾರ್ಥ್‌ಹ್ಯಾಂಪ್ಟನ್ ಪಟ್ಟಣದ ಮೇಯರ್ ಆಗಿದ್ದ, ಉಣ್ಣೆ ವ್ಯಾಪಾರದಲ್ಲಿ ಹಣ ಮಾಡಿದ ಇನ್ನೊಬ್ಬ ಲಾರೆನ್ಸ್ ಸಿಗುತ್ತಾನೆ. ಮಠಗಳನ್ನು ಮುಚ್ಚಿ ಅವುಗಳ ಭೂಮಿಯನ್ನು ಎಂಟನೆಯ ಹೆನ್ರಿ ಮಾರುತ್ತಿದ್ದಾಗ, 1539ರಲ್ಲಿ ಸಲ್‌ಗ್ರೇವ್ ಎಸ್ಟೇಟನ್ನು ಕೊಂಡವನು ಈತ. ಆತನ ಹಿರಿಯರು ಲ್ಯಾಂಕಾಶೈರಿನ ವಾರ್ಟನ್‌ನವರು. ಇನ್ನೂ ಹಿಂದೆ, ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಡರಂ ಸೀಮೆಯ ವೆಸಿಂಗ್ಟನ್ ಎಂಬ ಹಳ್ಳಿಯನ್ನು ಪಡೆದು ಅದರ ಹೆಸರನ್ನೇ ಇಟ್ಟುಕೊಂಡ ಒಬ್ಬ ವಿಲಿಯಂ. ಸಲ್‌ಗ್ರೇವ್‌ನ ಮನೆಯನ್ನು 1914ರಲ್ಲಿ ಬ್ರಿಟನ್-ಅಮೆರಿಕ ನಡುವಿನ ನೂರು ವರ್ಷದ ಶಾಂತಿಯ ನೆನಪಿಗೆಂದು ಚಂದಾ ಎತ್ತಿ ಕೊಂಡುಕೊಂಡರು. 1921ರಿಂದ ಅದು ಪ್ರೇಕ್ಷಕರಿಗೆ ತೆರೆದಿದೆ.

ಇಷ್ಟಕ್ಕೆ ತೃಪ್ತರಾಗದವರೂ ಇದ್ದರು. 1879ರಲ್ಲಿ ಆಲ್ಬರ್ಟ್ ವೆಲ್ಸ್ ಎಂಬಾತ ಪ್ರಕಟಿಸಿದ ವಂಶಾವಳಿ ವಾಷಿಂಗ್ಟನ್ನರನ್ನು ಸ್ಕ್ಯಾಂಡಿನೇವಿಯದ ಓಡಿನ್ ದೇವನಿಗೆ ಒಯ್ದು ಮುಟ್ಟಿಸಿತು. ಅದು ಬರೀ ಹುಚ್ಚು. ನಿಜವಾದ ಹಾನಿ ಮಾಡಿದವರು ಗುಸ್ತಾವ್ ಆಂಜೌನಂಥವರು. 1942ರಲ್ಲಿ ಸತ್ತ ಈತ ನ್ಯೂಯಾರ್ಕಿನಲ್ಲಿ ಕೂತು ಸಿರಿವಂತ ಕುಟುಂಬಗಳಿಗೆ ಹಣಕ್ಕೆ ವಂಶಾವಳಿ ತಯಾರಿಸುತ್ತಿದ್ದ. ಅಸಲಿ ಉಯಿಲುಗಳ ನಡುವೆ ಹುಟ್ಟಿಸಿದ ಉಯಿಲೊಂದನ್ನು ತೂರಿಸಿ, ಬೇಕಾದ ಪೂರ್ವಜನಿಗೆ ಬೇಕಾದ ತಂದೆಯನ್ನು ಒದಗಿಸುತ್ತಿದ್ದ. ಅವನ ಕೃತಿಗಳು ಈಗಲೂ ಗ್ರಂಥಾಲಯಗಳಲ್ಲಿವೆ, ನಂಬುವವರೂ ಇದ್ದಾರೆ.

ಕಳೆದುಹೋದವು

ವೆಸ್ಟ್‌ಮೋರ್‌ಲ್ಯಾಂಡಿನ ಭಾಗ್ಯ ಎಲ್ಲರಿಗಿಲ್ಲ. 1865ರ ಏಪ್ರಿಲ್ 3ರಂದು ಅಂತರ್ಯುದ್ಧದ ಕೊನೆಗೆ ರಿಚ್‌ಮಂಡ್ ನಗರ ಉರಿದಾಗ, ಸುರಕ್ಷಿತವಾಗಿರಲೆಂದು ಅಲ್ಲಿಗೆ ಕಳಿಸಿದ್ದ ಹಲವು ಕೌಂಟಿಗಳ ಪುಸ್ತಕಗಳು ಸುಟ್ಟುಹೋದವು. ವರ್ಜೀನಿಯದ ವಂಶಶೋಧಕರ ಬಾಯಲ್ಲಿ ಇವು ‘ಸುಟ್ಟ ಕೌಂಟಿಗಳು’. ಇಂಗ್ಲೆಂಡಿನಲ್ಲಿ ಡೆವನ್ ಸೀಮೆಯ ಉಯಿಲುಗಳ ಬಹುಭಾಗ 1942ರ ಬಾಂಬ್ ದಾಳಿಯಲ್ಲಿ ಎಕ್ಸಿಟರ್‌ನೊಂದಿಗೆ ಹೋಯಿತು. ಜಾರ್ಜ್‌ನ ಹೆಂಡತಿ ಮಾರ್ಥಾ ವಾಷಿಂಗ್ಟನ್‌ಳ ಉಯಿಲನ್ನಂತೂ ಅದೇ ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಸೇನಾಧಿಕಾರಿಯೊಬ್ಬ ಫೇರ್‌ಫ್ಯಾಕ್ಸ್ ಕೋರ್ಟಿನಿಂದ ಎತ್ತಿಕೊಂಡು ಹೋದ. ಅದು ಬ್ಯಾಂಕರ್ ಜೆ. ಪಿ. ಮಾರ್ಗನ್‌ನ ಸಂಗ್ರಹ ಸೇರಿತ್ತು. ವರ್ಜೀನಿಯ ರಾಜ್ಯವು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 1915ರಲ್ಲಿ ವಾಪಸು ಬಂತು.

ಆಸ್ತಿಯಾಗಿ ಬರೆಯಲ್ಪಟ್ಟವರು

ಆಗಸ್ಟೀನ್ 1743ರಲ್ಲಿ ಸಾಯುವ ಹಿಂದಿನ ದಿನ ಬರೆಸಿದ ಉಯಿಲಿನಲ್ಲಿ ಹನ್ನೊಂದು ವರ್ಷದ ಜಾರ್ಜ್‌ಗೆ ರಾಪಹ್ಯಾನಕ್ ನದಿಯ ದಂಡೆಯ ತೋಟವೂ ಹತ್ತು ಜನ ಗುಲಾಮರೂ ಬಂದರು. ಆ ಹತ್ತು ಜನರ ಸಂತತಿಯವರು ತಮ್ಮ ಮೂಲ ಹುಡುಕಬೇಕಾದರೆ ಅವರಿಗೂ ದಾರಿ ಇದೇ ಉಯಿಲು, ಇದೇ ಆಸ್ತಿಪಟ್ಟಿ. ಬೇರೆಯವರ ಉಯಿಲಿನಲ್ಲಿ, ಹಸು ಕುದುರೆ ಹಾಸಿಗೆಗಳ ಸಾಲಿನಲ್ಲಿ, ಹೆಸರಿನ ಪಕ್ಕ ಬೆಲೆ. ಮನೆತನದ ಹೆಸರು ಇರುವುದಿಲ್ಲ. ಮಕ್ಕಳು ತಾಯಿಯ ಸ್ಥಿತಿಯನ್ನೇ ಪಡೆಯುತ್ತಾರೆಂದು 1662ರ ವರ್ಜೀನಿಯ ಶಾಸನ ಹೇಳಿದ್ದರಿಂದ ತಾಯಿ ಯಾರೆಂಬುದು ಒಡೆಯನಿಗೆ ಬೇಕಾಗಿತ್ತು, ಬರೆದಿಡುತ್ತಿದ್ದ. ತಂದೆಯ ಹೆಸರಿನ ಅಗತ್ಯ ಕಾನೂನಿಗಿರಲಿಲ್ಲ.

1799ರಲ್ಲಿ ಉಯಿಲು ಬರೆಯುವ ಹೊತ್ತಿಗೆ ವಾಷಿಂಗ್ಟನ್ ಮೌಂಟ್ ವರ್ನನ್ನಿನ ಗುಲಾಮರ ಪಟ್ಟಿಯೊಂದನ್ನು ಸಿದ್ಧಪಡಿಸಿದ. ಒಟ್ಟು 317 ಜನ: ಅವನವರು 123, ಹೆಂಡತಿಯ ವಿಧವಾ ಪಾಲಿನವರು 153, ಬಾಡಿಗೆಗೆ ತಂದವರು 41. ಕೆಲಸ, ವಯಸ್ಸು ಮಾತ್ರವಲ್ಲ, ಯಾರ ಗಂಡ ಯಾರು, ಯಾವ ತೋಟದಲ್ಲಿದ್ದಾನೆ ಎಂಬುದೂ ಅದರಲ್ಲಿದೆ. ಅಂದಿನ ಕಾಲಕ್ಕೆ ಇದು ಬಲು ಅಪರೂಪ. ತನ್ನ 123 ಜನರಿಗೆ, ಮಾರ್ಥಾ ಸತ್ತ ಮೇಲೆ ಬಿಡುಗಡೆ ಎಂದು ಉಯಿಲಿನಲ್ಲಿ ಬರೆದ. ಆಪ್ತ ಸೇವಕ ವಿಲಿಯಂ ಲೀಗೆ ಕೂಡಲೇ ಬಿಡುಗಡೆ, ವರ್ಷಕ್ಕೆ 30 ಡಾಲರು. ಮಾರ್ಥಾ ಕಾಯದೆ 1801ರ ಜನವರಿ 1ರಂದೇ ಅವರನ್ನು ಬಿಟ್ಟಳು. ಹೆಂಡತಿಯ ಪಾಲಿನ 153 ಜನರ ವಿಚಾರದಲ್ಲಿ ವಾಷಿಂಗ್ಟನ್‌ನ ಉಯಿಲು ನಡೆಯುವಂತಿರಲಿಲ್ಲ. ಮಾರ್ಥಾಳ ಮೊದಲ ಗಂಡ ಡೇನಿಯಲ್ ಪಾರ್ಕ್ ಕಸ್ಟಿಸ್ 1757ರಲ್ಲಿ ಉಯಿಲು ಬರೆಯದೆ ಸತ್ತಿದ್ದ. ಹೀಗಾಗಿ ಕಾನೂನಿನ ಪ್ರಕಾರ ಮೂರರಲ್ಲೊಂದು ಪಾಲು ಆಕೆಗೆ, ಬದುಕಿರುವತನಕ ಅನುಭವಿಸಲು ಮಾತ್ರ. ಆಕೆ 1802ರಲ್ಲಿ ತೀರಿಕೊಂಡಾಗ ಅವರೆಲ್ಲ ಕಸ್ಟಿಸ್ ಮೊಮ್ಮಕ್ಕಳು ನಾಲ್ವರ ನಡುವೆ ಹಂಚಿಹೋದರು. ಎರಡೂ ಗುಂಪಿನವರು ಪರಸ್ಪರ ಮದುವೆಯಾಗಿದ್ದರು. ಗಂಡ ಬಿಡುಗಡೆಯಾಗಿ ಹೆಂಡತಿ ಮಕ್ಕಳು ಹಂಚಿಹೋದ ಮನೆಗಳನ್ನು ಆ ಪಟ್ಟಿಯಲ್ಲೇ ಗುರುತಿಸಬಹುದು. ಬರೆದ ಉಯಿಲಿನಷ್ಟೇ ಬರೆಯದ ಉಯಿಲೂ ಇಲ್ಲಿ ವಂಶಗಳನ್ನು ರೂಪಿಸಿದೆ.

ಇತ್ತೀಚೆಗೆ ಡಿಎನ್ಎ ಪರೀಕ್ಷೆ ಈ ಕ್ಷೇತ್ರಕ್ಕೆ ಬಂದಿದೆ. ಜಾರ್ಜ್‌ಗೆ ಮಕ್ಕಳಿರಲಿಲ್ಲವಾದ್ದರಿಂದ ಅವನ ತಮ್ಮ ಸ್ಯಾಮ್ಯುಯೆಲ್‌ನ ಸಂತತಿಯೇ ಆಧಾರ. ಸ್ಯಾಮ್ಯುಯೆಲ್‌ನ ಎಸ್ಟೇಟಿನ ಸ್ಮಶಾನದಲ್ಲಿ ಸಿಕ್ಕಿದ ಗುರುತಿಲ್ಲದ ಅವಶೇಷಗಳು ಆತನ ಇಬ್ಬರು ಮೊಮ್ಮಕ್ಕಳು ಮತ್ತು ಅವರ ತಾಯಿಯವು ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ವೆಸ್ಟ್ ಫೋರ್ಡ್ ಎಂಬವನ ತಂದೆ ಯಾರೆಂಬ ಪ್ರಶ್ನೆಯನ್ನು ಅಂಥ ಪರೀಕ್ಷೆ ಇನ್ನೂ ಬಗೆಹರಿಸಿಲ್ಲ. ಜಾರ್ಜ್‌ನ ನಾದಿನಿ ಹ್ಯಾನಾ ಬುಶ್ರಾಡ್ ವಾಷಿಂಗ್ಟನ್‌ಳ ತೋಟದಲ್ಲಿ ಗುಲಾಮನಾಗಿ ಹುಟ್ಟಿದ ಹುಡುಗ ಈತ. ಈ ಹುಡುಗನಿಗೆ ಸಿಡುಬಿನ ಚುಚ್ಚು ಹಾಕಿಸಿ, ಒಂದು ಕಸುಬು ಕಲಿಸಿ, 21ನೆಯ ವಯಸ್ಸಿಗೆ ಬಿಡುಗಡೆ ಮಾಡಬೇಕೆಂದು ಹ್ಯಾನಾ ತನ್ನ ಉಯಿಲಿನಲ್ಲಿ ವಿಶೇಷವಾಗಿ ಬರೆಸಿದಳು. ಆಕೆಯ ಮಗ ಬುಶ್ರಾಡ್ 1829ರಲ್ಲಿ ಸತ್ತಾಗ ಆತನ ಉಯಿಲಿನಿಂದ ಫೋರ್ಡ್‌ಗೆ 160 ಎಕರೆ ಬಂತು. ಅದನ್ನು ಮಾರಿ ಬೇರೆ ಜಮೀನು ಕೊಂಡ. ಅದರ ಸುತ್ತ ಬೆಳೆದ ಗಮ್ ಸ್ಪ್ರಿಂಗ್ಸ್ ಎಂಬ ಊರು ಇಂದಿಗೂ ಇದೆ. ತಾವು ಜಾರ್ಜ್‌ನ ಸಂತತಿಯೆಂದು ಫೋರ್ಡ್ ಮನೆಯವರ ಬಾಯಿಮಾತು ಹೇಳುತ್ತದೆ. ಹಲವು ಇತಿಹಾಸಕಾರರು ವಾಷಿಂಗ್ಟನ್ ಮನೆತನದ ಬೇರೊಬ್ಬ ಗಂಡಸಿನ ಕಡೆ ಬೊಟ್ಟು ಮಾಡುತ್ತಾರೆ. ತಾಯಿಯ ಹೆಸರು ವೀನಸ್ ಎಂದು ದಾಖಲೆಯಲ್ಲಿದೆ. ಎರಡು ಉಯಿಲುಗಳೂ ಆ ಹುಡುಗನಿಗೆ ಕೊಡಬೇಕಾದದ್ದನ್ನು ವಿವರವಾಗಿ ಬರೆದಿವೆ, ಯಾಕೆ ಕೊಡುತ್ತಿದ್ದೇವೆ ಎಂಬುದನ್ನು ಬರೆದಿಲ್ಲ.